ಹೊಳೆಯ ಈಜು ಕಡಲಿಗೆ ಸಾಲದು

ಈಜು ಕಲಿಸಿದರೆ ಗೋವಾದ ಕಡಲತೀರಗಳಲ್ಲಿ ಸಾವು ತಪ್ಪುತ್ತದೆ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಜುಲೈಯಲ್ಲಿ ವಾಸ್ಕೋದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಹಾವೇರಿ ಕಡೆಯವನು, ವರದಾ ಹೊಳೆಯಲ್ಲಿ ಈಜಿ ಬೆಳೆದವನು. ಕಲಂಗುಟ್‌ನಲ್ಲಿ ಕೆಂಪು ಬಾವುಟ ಪಟಪಟಿಸುತ್ತಿದ್ದರೂ, ಅಲೆ ಒಡೆಯದ ಶಾಂತ ಜಾಗವನ್ನೇ ಹುಡುಕಿ ಇಳಿದ. ದಡಕ್ಕೆ ಬಂದ ನೀರು ರಭಸದಿಂದ ಹಿಂದಕ್ಕೆ ಹರಿಯುವುದು ಹೆಚ್ಚಾಗಿ ಅಂಥಲ್ಲಿಯೇ! ಎದುರೀಜಿ ತೋಳು ಸೋತವನನ್ನು ಜೀವರಕ್ಷಕರು ಎಳೆತಂದರು. (ಬೈದದ್ದು ಕೊಂಕಣಿಯಲ್ಲಿ, ಅನುವಾದ ಬೇಕಾಗಲಿಲ್ಲ.) ಸೆಳೆತದೊಡನೆ ಗುದ್ದಾಡದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ನಾನೂ ಸೇರಿದಂತೆ. ಪ್ರವಾಸದ ಬಸ್ ಹೊರಡುವ ಮುನ್ನ ಶಾಲೆಗಳು ಇದಕ್ಕೆ ಹತ್ತು ನಿಮಿಷ ಕೊಡಲಿ.