ಋಣ ಒಪ್ಪಿಕೊಂಡರೆ ಸಾಲದು, ಪುಟ ಹೇಳಬೇಕು

ಕನ್ನಡದ ಸಂಶೋಧನ ಪುಸ್ತಕಗಳ ಕೊನೆಯಲ್ಲಿ ‘ಗ್ರಂಥಋಣ’ ಎಂಬ ತಲೆಬರಹದ ಪಟ್ಟಿಯೊಂದಿರುತ್ತದೆ. ಬರೆಯುವವನು ತನಗಿಂತ ಹಿಂದಿನವರಿಗೆ ಸಾಲಗಾರ ಎಂಬ ವಿನಯ ಆ ಪದದಲ್ಲಿರುವುದರಿಂದ ಅದು ನನಗೆ ಇಂದಿಗೂ ಇಷ್ಟ. ಆದರೆ ಹಲವು ವರ್ಷಗಳಿಂದ ಕರ್ನಾಟಕದ ಹೊರಗಿದ್ದು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಮತ್ತು ಇತರರ ಪ್ರಬಂಧಗಳನ್ನು ತಿದ್ದುವ ಕೆಲಸದಲ್ಲಿ ತೊಡಗಿರುವ ನನಗೆ, ಆ ಪಟ್ಟಿಯ ಕೊರತೆಯೂ ಈಗ ಎದ್ದು ಕಾಣುತ್ತದೆ. ಸಾಲ ಯಾರಿಂದ ಬಂತು ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ಯಾವ ಪುಟದಿಂದ ಬಂತು, ಲೇಖಕನ ಯಾವ ವಾಕ್ಯಕ್ಕೆ ಸಂದಿತು ಎಂಬುದನ್ನು ತಿಳಿಸುವುದಿಲ್ಲ. ಒಪ್ಪಿಕೊಂಡ ಋಣವನ್ನು ಓದುಗನು ತಾನೇ ಹೋಗಿ ಪರೀಕ್ಷಿಸುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಹೊರಗೆ ಬಂದ ಮೊದಲ ವರ್ಷ ನಾನು ಒಪ್ಪಿಸಿದ ಅಧ್ಯಾಯವೊಂದು, ಅಂಚಿನಲ್ಲಿ 17 ಕಡೆ ‘ಪುಟ?’ ಎಂಬ ಪೆನ್ಸಿಲ್ ಗುರುತು ಹೊತ್ತು ಹಿಂದಿರುಗಿತು. ಅದು ಕಿರುಕುಳವೆಂದೇ ಆಗ ಅನ್ನಿಸಿತ್ತು. 16 ಗುರುತುಗಳಿಗೆ ಒಂದೇ ದಿನದಲ್ಲಿ ಉತ್ತರ ಸಿಕ್ಕಿತು. ಉಳಿದ ಒಂದಕ್ಕಾಗಿ ಮೂರು ದಿನ ಒಂದೇ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದ ಮೇಲೆ, ನಾನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದ ಮಾತು ಅದರಲ್ಲಿ ಇಲ್ಲವೇ ಇಲ್ಲ ಎಂಬುದು ಖಚಿತವಾಯಿತು. ಅದನ್ನು ನಾನು ಓದಿದ್ದು ಆ ಪುಸ್ತಕವನ್ನು ಕುರಿತ ವಿಮರ್ಶೆಯೊಂದರಲ್ಲಿ. ವಿಮರ್ಶಕರು ತಮ್ಮ ಮಾತಿನಲ್ಲಿ ಹಿಡಿದಿಟ್ಟ ಸಾರವನ್ನು ನಾನು ಮೂಲ ಲೇಖಕರ ಬಾಯಿಗೆ ಹಾಕಿದ್ದೆ. ಪುಸ್ತಕದ ಹೆಸರಷ್ಟೇ ಸಾಕು ಎಂದಿದ್ದರೆ ಆ ತಪ್ಪು ಅಚ್ಚಾಗುತ್ತಿತ್ತು, ನನ್ನನ್ನು ನಂಬಿ ಮತ್ತೊಬ್ಬರು ಅದನ್ನು ಎತ್ತಿಕೊಳ್ಳುತ್ತಲೂ ಇದ್ದರು.

ಹಾಗೆಂದು ಹೊರಗಿನ ಉಲ್ಲೇಖ ಶೈಲಿಗಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿಯೊಂದು ಶೈಲಿಯೂ ಒಂದೊಂದು ಶಿಸ್ತಿನ ಅಗತ್ಯದಿಂದ ಹುಟ್ಟಿದ್ದು. ಮನೋವಿಜ್ಞಾನಿಗಳ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ 1929ರಲ್ಲಿ ಪತ್ರಿಕೆಯೊಂದರ ಏಳು ಪುಟಗಳ ಸೂಚನೆಯಾಗಿ ಆರಂಭವಾಗಿ, 2019ರ ಏಳನೆಯ ಆವೃತ್ತಿಯ ಹೊತ್ತಿಗೆ ನಾನೂರು ಪುಟಗಳನ್ನು ಮೀರಿದ ಕೈಪಿಡಿಯಾಗಿ ಬೆಳೆದಿದೆ. ಹೊಸ ಫಲಿತಾಂಶ ಹಳೆಯದನ್ನು ಬದಿಗೆ ಸರಿಸುವ ಕ್ಷೇತ್ರವಾದ್ದರಿಂದ ಅಲ್ಲಿ ಲೇಖಕನ ಹೆಸರಿನ ಬೆನ್ನಿಗೇ ಇಸವಿ ಬರುತ್ತದೆ. ಸಾಹಿತ್ಯದವರ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ವಾಕ್ಯದ ನಡುವಿನ ಆವರಣದೊಳಗೆ ಇಸವಿಗೆ ಜಾಗವಿಲ್ಲ, ಹೆಸರು ಮತ್ತು ಪುಟಸಂಖ್ಯೆ ಸಾಕು. ಪಠ್ಯವನ್ನು ಸಾಲುಸಾಲಾಗಿ ಓದುವವರಿಗೆ ಬೇಕಾದದ್ದು ಅದೇ. ಇತಿಹಾಸಕಾರರು ಬಹುಮಟ್ಟಿಗೆ ಶಿಕಾಗೊ ವಿಶ್ವವಿದ್ಯಾಲಯ ಮುದ್ರಣಾಲಯದ ಕೈಪಿಡಿಯಿಂದ ಬಂದ ಶಿಕಾಗೊ ಶೈಲಿಯ ಅಡಿಟಿಪ್ಪಣಿಗಳನ್ನು ಬಿಟ್ಟುಕೊಟ್ಟಿಲ್ಲ, ಏಕೆಂದರೆ ಒಂದು ದಾಖಲೆಯ ಸ್ವರೂಪವನ್ನು ವಿವರಿಸಲು ಆವರಣ ಸಾಲದು. ಅಂಚು ಒಂದು ಅಂಗುಲ, ಸಾಲುಗಳ ನಡುವೆ ಎರಡರಷ್ಟು ಅಂತರ, ಪಟ್ಟಿಯಲ್ಲಿ ಎರಡನೆಯ ಸಾಲು ಅರ್ಧ ಅಂಗುಲ ಒಳಕ್ಕೆ ಎಂಬಂಥ ನಿಯಮಗಳನ್ನು ಒಂದು ಮಧ್ಯಾಹ್ನ ಕುಳಿತು ಹೊಂದಿಸಿದರೆ ಮುಗಿಯಿತು. ವಿದ್ಯಾರ್ಥಿಗಳು ಅಳುವುದು ಮಾತ್ರ ಅವುಗಳಿಗಾಗಿಯೇ.

ಎಪಿಎ ಶೈಲಿಯ ಒಂದು ಸಡಿಲಿಕೆ ನನಗೆ ಒಪ್ಪಿಗೆಯಿಲ್ಲ. ನೇರ ಉದ್ಧರಣೆಗೆ ಪುಟಸಂಖ್ಯೆ ಕಡ್ಡಾಯವೆನ್ನುವ ಅದು, ಮಾತು ಬದಲಿಸಿ ಸಂಗ್ರಹಿಸಿದಾಗ ಪುಟಸಂಖ್ಯೆಯನ್ನು ಲೇಖಕನ ಇಷ್ಟಕ್ಕೆ ಬಿಡುತ್ತದೆ. ಪರಿಣಾಮವಾಗಿ ಮುನ್ನೂರು ಪುಟಗಳ ಪುಸ್ತಕವೊಂದನ್ನು ಹೆಸರು ಮತ್ತು ಇಸವಿಯಿಂದಷ್ಟೇ ತೋರಿಸಿ ಮುಂದೆ ಸಾಗುವುದು ಅಲ್ಲಿ ಸಲೀಸಾಗಿದೆ. ಅದು ನಮ್ಮ ಗ್ರಂಥಋಣವೇ, ಆವರಣದೊಳಗೆ ಸೇರಿಕೊಂಡಿದೆ ಅಷ್ಟೆ.

ಹೆಸರುಗಳ ವಿಷಯದಲ್ಲಂತೂ ಹೊರಗಿನ ಕ್ರಮ ನಮಗೆ ಒಗ್ಗುವುದೇ ಇಲ್ಲ. ಕೊನೆಯ ಪದವೇ ಕುಲನಾಮ ಎಂಬ ಊಹೆಯ ಮೇಲೆ ಆ ಶೈಲಿಗಳೂ ಅವುಗಳನ್ನು ಪಾಲಿಸುವ ತಂತ್ರಾಂಶಗಳೂ ನಿಂತಿವೆ. ಯು. ಆರ್. ಅನಂತಮೂರ್ತಿಯವರ ಹೆಸರು ಇಂಗ್ಲಿಷಿನಲ್ಲಿ ಎರಡು ಪದಗಳಾಗಿ ಅಚ್ಚಾಗುತ್ತಿದ್ದುದರಿಂದ ಎಷ್ಟೋ ಪಟ್ಟಿಗಳಲ್ಲಿ ಅವರು ‘ಮೂರ್ತಿ, ಯು. ಆರ್. ಅನಂತ’ ಎಂದಾಗಿದ್ದಾರೆ. ಅದು ಒಂದೇ ಹೆಸರು, ಮುಂದಿನ ಎರಡಕ್ಷರಗಳು ಅವರ ತಂದೆ ಉಡುಪಿ ರಾಜಗೋಪಾಲಾಚಾರ್ಯರ ಹೆಸರಿನವು ಎಂಬುದು ಯಂತ್ರಕ್ಕೆ ಗೊತ್ತಾಗುವ ಬಗೆಯಾದರೂ ಯಾವುದು? ‘ಅನಂತಮೂರ್ತಿ ಯು. ಆರ್.’ ಎಂದು ಅಲ್ಪವಿರಾಮವಿಲ್ಲದೆ ಬರೆದು ವರ್ಣಮಾಲೆಯ ಕ್ರಮದಲ್ಲಿ ಜೋಡಿಸುವ ನಮ್ಮ ಹಳೆಯ ಪದ್ಧತಿ ಇಲ್ಲಿ ಹೆಚ್ಚು ವಿವೇಕದ್ದು. ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ತಂತ್ರಾಂಶದಲ್ಲಿ ಲೇಖಕನ ಹೆಸರಿನ ಎರಡು ಅಂಕಣಗಳನ್ನು ಒಂದಾಗಿಸುವ ಪುಟ್ಟ ಗುಂಡಿಯಿದೆ. ಅದನ್ನು ಒತ್ತಿದರೆ ಹೆಸರು ಬರೆದಂತೆಯೇ ಉಳಿಯುತ್ತದೆ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ನಮ್ಮವರ ಇನ್ನೊಂದು ಜಾಣ್ಮೆಯನ್ನೂ ಹೇಳಬೇಕು. ಚಂಪೂಕಾವ್ಯವನ್ನು ಉಲ್ಲೇಖಿಸುವ ಕನ್ನಡ ವಿದ್ವಾಂಸರು ಆಶ್ವಾಸ ಮತ್ತು ಪದ್ಯದ ಸಂಖ್ಯೆಯನ್ನು ಕೊಡುತ್ತಾರೆ, ಷಟ್ಪದಿಯಾದರೆ ಸಂಧಿ ಮತ್ತು ಪದ್ಯದ ಸಂಖ್ಯೆಯನ್ನು. ಪಾಠಾಂತರದಿಂದ ಒಂದೆರಡು ಸಂಖ್ಯೆ ಹಿಂದುಮುಂದಾದರೂ ಯಾವ ಮುದ್ರಣದಲ್ಲಿಯೂ ಆ ಪದ್ಯ ಸಿಕ್ಕೇ ಸಿಗುತ್ತದೆ. ಪ್ಲೇಟೋವನ್ನು ಮುದ್ರಕ ಸ್ಟೆಫಾನಸ್ 1578ರಲ್ಲಿ ಹೊರತಂದ ಆವೃತ್ತಿಯ ಪುಟಸಂಖ್ಯೆಗಳಿಂದ ಇಂದಿಗೂ ಉಲ್ಲೇಖಿಸುವವರ ಉದ್ದೇಶವೂ ಇದೇ. ಪದ್ಯಕ್ಕೆ ಇಷ್ಟು ಎಚ್ಚರ ವಹಿಸಿದ ನಾವು ಗದ್ಯಕ್ಕೆ ಬಂದಾಗ ಕೈಬಿಟ್ಟೆವು. ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘ನಾಲ್ಕನೆಯ ಮುದ್ರಣ’ ಎಂದಿರುವುದು ಹಳೆಯ ಅಚ್ಚಿನ ಮರುಮುದ್ರಣವೇ, ಹೊಸದಾಗಿ ಅಕ್ಷರ ಜೋಡಿಸಿದ್ದೇ, ಪರಿಷ್ಕೃತ ಆವೃತ್ತಿಯೇ ಎಂಬುದು ಅನೇಕ ಸಲ ತಿಳಿಯುವುದಿಲ್ಲ. ಅಕ್ಷರ ಹೊಸದಾಗಿ ಜೋಡಣೆಯಾದರೆ ಪುಟಗಳೆಲ್ಲ ಸರಿಯುತ್ತವೆ. ಮೊದಲ ಮುದ್ರಣದ ಇಸವಿ ಕೊಟ್ಟು ನಾಲ್ಕನೆಯ ಮುದ್ರಣದ ಪುಟ ಕೊಟ್ಟರೆ ಓದುಗ ಆ ಇಸವಿಯ ಪುಸ್ತಕದ ಆ ಪುಟದಲ್ಲಿ ಅದನ್ನು ಕಾಣಲಾರ. ನಾನು ಈಗ ಎರಡೂ ಇಸವಿಗಳನ್ನು ಕೊಡುತ್ತೇನೆ, ಮುದ್ರಣದ ಕ್ರಮಸಂಖ್ಯೆಯನ್ನೂ ಸೇರಿಸುತ್ತೇನೆ.

ಹಿಂದಿನ ಟಿಪ್ಪಣಿಯ ಪುಸ್ತಕವೇ ಎಂದು ಸೂಚಿಸುವ, ಅಡಿಟಿಪ್ಪಣಿಯ ‘ಅದೇ, ಪು. 45’ ಎಂಬ ಒಕ್ಕಣೆಯ ಬಗೆಗೂ ನನಗೆ ಅನುಮಾನ ಹುಟ್ಟಿದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲಕ್ಕೆ ಅದು ಶ್ರಮ ಉಳಿಸುತ್ತಿತ್ತು. ಗಣಕದಲ್ಲಿ ಒಂದು ಪ್ಯಾರಾವನ್ನು ಎತ್ತಿ ಎರಡು ಪುಟ ಮುಂದಿಟ್ಟರೆ ಆ ‘ಅದೇ’ ಸದ್ದಿಲ್ಲದೆ ಬೇರೊಂದು ಪುಸ್ತಕದ್ದಾಗುತ್ತದೆ. ಶಿಕಾಗೊ ಕೈಪಿಡಿಯವರು 2017ರ ಆವೃತ್ತಿಯಲ್ಲಿ ಲೇಖಕನ ಹೆಸರನ್ನೇ ಚಿಕ್ಕದಾಗಿ ಮತ್ತೆ ಬರೆಯುವುದು ಮೇಲು ಎಂದರು. ಈ ಒಂದು ಮಾತಿನಲ್ಲಿ ನಾನು ಪೂರ್ತಿ ಅವರ ಕಡೆಗಿದ್ದೇನೆ.

ಈಚೆಗೆ ಕನ್ನಡದ ನಿಯತಕಾಲಿಕವೊಂದಕ್ಕೆ ಕಳುಹಿಸಿದ ಲೇಖನದಲ್ಲಿ 31 ಅಡಿಟಿಪ್ಪಣಿಗಳಿದ್ದವು. ಓದಿನ ಓಟಕ್ಕೆ ಅವು ತೊಡಕಾಗುತ್ತವೆ, ಕೊನೆಯಲ್ಲಿ ಪುಸ್ತಕಗಳ ಪಟ್ಟಿ ಸಾಕು ಎಂದು ಸಂಪಾದಕರು ಸೌಜನ್ಯದಿಂದಲೇ ಬರೆದರು. ನಾನು ವಾದಿಸಲಿಲ್ಲ. ಟಿಪ್ಪಣಿಗಳನ್ನು ತೆಗೆದು, ಬಿಡಲಾಗದ ಒಂಬತ್ತು ಕಡೆ ‘ಇಂಥವರು ಇಂಥ ಪುಸ್ತಕದ ಮೂರನೆಯ ಮುದ್ರಣದ 112ನೆಯ ಪುಟದಲ್ಲಿ ಹೇಳುವಂತೆ’ ಎಂಬ ಧಾಟಿಯಲ್ಲಿ ವಾಕ್ಯದೊಳಗೇ ಪುಟಸಂಖ್ಯೆಯನ್ನು ಸೇರಿಸಿದೆ. ವಾಕ್ಯಗಳು ಉದ್ದವಾದವು, ಒಂಬತ್ತೂ ಅಚ್ಚಿನಲ್ಲಿ ಉಳಿದವು.