ಬಂಪರ್ ಕಪ್ಪಗಾದ ಕಥೆ

ಕಾರಿಗೆ ಗೀರು ಬಿದ್ರೆ ಜನ "ಬೆಂಗ್ಳೂರ್ ಟ್ರಾಫಿಕ್ಕು, ಬಿಡಿ ಸಾರ್" ಅಂತ ಸಮಾಧಾನ ಹೇಳ್ತಾರೆ, ಆದ್ರೆ ಬಂಪರ್‌ದು, ಬಾಗಿಲ ಪಟ್ಟೀದು, ವೈಪರ್ ಕೆಳಗಿನದು ಆ ಕಪ್ಪು ಪ್ಲಾಸ್ಟಿಕ್ ಇದ್ಯಲ್ಲ, ಅದು ಬೂದು ಬಣ್ಣಕ್ಕೆ ತಿರುಗ್ತು ಅಂದ್ರೆ ಬೀದೀಲಿ ಹೋಗೋರೆಲ್ಲ ಡಾಕ್ಟ್ರಾಗ್ಬಿಡ್ತಾರೆ.

ನಮ್ ಕಾರು ನಿಲ್ಲೋದು ವಿಜಯನಗರದ ರಸ್ತೇಲಿ, ಎಡಗಡೆ ಪೂರ್ತಿ ಪಶ್ಚಿಮದ ಬಿಸಿಲಿಗೆ. ಹಾಗಾಗಿ ಬಲಗಡೆಯಿಂದ ನೋಡಿದೋರು ಒಂದು ರೇಟ್ ಹೇಳಿದ್ರೆ ಎಡಗಡೆಗೆ ಬಂದು ಅರ್ಧಕ್ಕೆ ಇಳಿಸ್ತಾರೆ. ಒಂದಿನ ಹಿಂದಿನ ಬಂಪರ್ ಮೂಲೇಲಿದ್ದ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಕಿತ್ಕೊಂಡು ಬಂತು. ಅದ್ರಡಿ ಎರಡು ಬೆರಳಗಲ ಜಾಗ, ಶೋರೂಮಿಂದ ತಂದಾಗ ಇದ್ದ ಅದೇ ಕಡುಗಪ್ಪು, ಸುತ್ತ ಮಾತ್ರ ವಿಭೂತಿ ಬಳ್ಕೊಂಡ ಹಾಗಿತ್ತು. ಬೆರಳಾಡಿಸಿದ್ರೆ ತುದಿಗೆ ಪುಡಿ ಬೇರೆ ಅಂಟೋದು.

ಈ ಪ್ಲಾಸ್ಟಿಕ್ಕು ಹೆಚ್ಚಾಗಿ ಪಾಲಿಪ್ರೊಪಿಲೀನು, ಛತ್ರದ ಕುರ್ಚಿ ಇರುತ್ತಲ್ಲ ಅದೇ ಜಾತಿ. ಬಿಸಿಲು ತಡ್ಕೊಳ್ಳಲಿ ಅಂತ ಕಾರ್ಬನ್ ಬ್ಲ್ಯಾಕ್ ಬೆರೆಸಿರ್ತಾರೆ, ಅಂದ್ರೆ ಒಂಥರಾ ಮಸಿನೇ. ಆದ್ರೂ ವರ್ಷಗಟ್ಲೆ ಅಲ್ಟ್ರಾವಯಲೆಟ್ ಬಿದ್ದೂ ಬಿದ್ದೂ ಮೇಲಿನ ಪದರ ಒಡೆದು ಪುಡಿಯಾಗಿ, ಸಣ್ಣಸಣ್ಣ ಬಿರುಕು ಬಿಟ್ಟು, ಬೆಳಕು ಅದ್ರ ಮೇಲೆ ಅಡ್ಡಾದಿಡ್ಡಿ ಚದುರಿ ನಮ್ ಕಣ್ಣಿಗೆ ಬೂದು ಕಾಣುತ್ತೆ. ಇಂಥ ಪ್ಲಾಸ್ಟಿಕ್ಕಿಗೆ ದಾರಿ ಮಾಡಿಕೊಟ್ಟಿದ್ದಕ್ಕೆ 1963ರಲ್ಲಿ ಜೀಗ್ಲರ್, ನಟ್ಟಾ ಅನ್ನೋ ಇಬ್ಬರಿಗೆ ನೊಬೆಲ್ ಕೊಟ್ರಂತೆ. ಕೊಡೋಕ್ ಮುಂಚೆ ಒಂದು ಏಪ್ರಿಲ್ ತಿಂಗಳು ನಮ್ಮನೆ ಮುಂದೆ ನಿಲ್ಲಿಸಿ ನೋಡ್ಬೇಕಿತ್ತು.

ಮೊದಲ್ನೇ ಔಷಧಿ ಪಕ್ಕದ್ಮನೆ ಅಂಕಲ್‌ದು. "ಕೊಬ್ರಿ ಎಣ್ಣೆ ಹಚ್ಚಿ ಸಾರ್, ತಲೆಗೆ ಹಚ್ಚಲ್ವಾ?" ಅವರ ತಲೇಲಿ ಹಚ್ಚೋಕೆ ಈಗ ಏನೂ ಉಳ್ದಿಲ್ಲ, ನಾನು ಆ ವಿಷಯ ಎತ್ತಲಿಲ್ಲ. ಸಾಯಂಕಾಲ ಮಿರಮಿರ ಅಂತಿದ್ದ ಬಂಪರ್ ಮೇಲೆ ಬೆಳಗಾಗೋಷ್ಟರಲ್ಲಿ ಎದುರುಗಡೆ ಕಟ್ತಿರೋ ಮನೆಯ ಸಿಮೆಂಟ್ ಧೂಳೆಲ್ಲ ಬಂದು ಕೂತಿತ್ತು, ಧೂಳು ಕೂರದೆ ಇದ್ದ ಕಡೆ ನಮ್ ಬೀದಿ ನಾಯಿ ಶ್ರದ್ಧೆಯಿಂದ ನೆಕ್ತಾ ನಿಂತಿತ್ತು.

ಬೂಟ್ ಪಾಲಿಶ್ ಮೆಕ್ಯಾನಿಕ್ ಐಡಿಯಾ. ಖಂಡಿತ ಕಪ್ಪಾಯ್ತು, ಅದ್ರಲ್ಲಿ ಮೋಸ ಇಲ್ಲ. ಆರತಕ್ಷತೆಗೆ ಹೋಗೋ ದಾರೀಲಿ ಮಳೆ ಹೊಡೀತು, ಆ ಕಪ್ಪು ಪಟ್ಟಿಯಿಂದ ಬಿಳೀ ಬಾಗಿಲ ಮೇಲೆ ಸೋರಿ, ಬಾಗಿಲಿಂದ ನಮ್ಮನೆಯವಳ ಕ್ರೀಮ್ ಕಲರ್ ಮೈಸೂರ್ ಸಿಲ್ಕ್ ಅಂಚಿಗೆ ದಾಟ್ಕೊಂಡ್ತು. ಅವಳು ಏನೂ ಅನ್ನಲಿಲ್ಲ. ಪಂಕ್ತೀಲಿ ಹೋಳಿಗೆ ಬಂದಾಗ ಬೇಡ ಅಂದ್ಲು, ಆಗ ನಂಗೆ ವಿಷಯ ಎಷ್ಟು ಸೀರಿಯಸ್ಸು ಅಂತ ಗೊತ್ತಾಯ್ತು.

ಆಮೇಲೆ ಅಕ್ಕನ ಮಗ ವಿಡಿಯೋ ನೋಡ್ಕೊಂಡು ಬಂದ, "ಹೀಟ್ ಕೊಡ್ಬೇಕು ಮಾಮ" ಅಂತ ನನ್ ಮಗಳ ಹೇರ್ ಡ್ರೈಯರ್ ಹಿಡ್ದ. ಪಾಲಿಪ್ರೊಪಿಲೀನ್ ಕರಗೋಕೆ 160 ಡಿಗ್ರಿ ಆಸುಪಾಸು ಬೇಕು, ಡ್ರೈಯರಿಗೆ ಅಷ್ಟೆಲ್ಲ ತಾಕತ್ತಿಲ್ಲ, ಬಂಪರ್‌ಗೆ ತಲೆಸ್ನಾನ ಆದ್ಮೇಲಿನ ಸುಖ ಸಿಕ್ಕಿದ್ದಷ್ಟೇ. ಮಾರನೇ ದಿನ ಪೇಂಟರ್ ಹತ್ರದ ಹೀಟ್ ಗನ್ ತಂದ. ನಿಜ ಹೇಳ್ತೀನಿ, ಅದು ಮ್ಯಾಜಿಕ್ಕೇ, ಗನ್ ಹೋದ ಕಡೆಯೆಲ್ಲ ಬೂದು ಮಾಯವಾಗಿ ಕಪ್ಪು ಎದ್ದು ಬರೋದು, ಅಂಕಲ್ಲೂ ಬಾಯಿ ಬಿಟ್ಕೊಂಡು ನೋಡ್ತಿದ್ರು. ಒಂದೇ ಜಾಗದಲ್ಲಿ ನಿಲ್ಲಿಸ್ಬಾರ್ದು, ಆಡಿಸ್ತಾನೇ ಇರ್ಬೇಕು. ಅಷ್ಟರಲ್ಲಿ ಹುಡುಗನಿಗೆ ಒಂದು ಫೋನ್ ಬಂತು, ಯಾರದ್ದೋ ಏನೋ, ಮುಖ ಅರಳ್ತು, ಕೈ ನಿಂತೋಯ್ತು. ಈಗ ಬಂಪರ್ ಮೇಲೆ ದೋಸೆ ಕಾವಲಿ ಗಾತ್ರದ ಒಂದು ನುಣುಪು ವೃತ್ತ ಇದೆ, ತರಿತರಿ ಎಲ್ಲ ಕರಗಿ ಹೋಗಿರೋದು. ಹುಡುಗಿ ಒಪ್ಕೊಂಡ್ಲಂತೆ, ಅದೊಂದು ಲಾಭ.

ಜೆ.ಸಿ. ರೋಡಲ್ಲಿ ಸಿಲಿಕೋನ್ ಎಣ್ಣೆ ಬಾಟ್ಲಿ ಕೊಟ್ಟೋನು "ಆರ್ ತಿಂಗ್ಳು ಗ್ಯಾರಂಟಿ ಸಾರ್" ಅಂದ. ಮಳೆ ಬಂದ್ರೆ? "ಮಳೆ ಬಂದ್ರೆ ಅದು ಬೇರೆ ವಿಷ್ಯ."

ಇಷ್ಟೆಲ್ಲ ಆದ್ಮೇಲೆ ನಂಗೆ ಕಾಣ್ಸಿದ್ದು ಏನಂದ್ರೆ, ಬರೀ ನೀರು ಹಾಕಿದ್ರೂ ಈ ಪ್ಲಾಸ್ಟಿಕ್ಕು ಹೊಸದ್ರ ಥರ ಕಪ್ಪಾಗುತ್ತೆ. ನೀರು ಆ ಸಣ್ಣ ಬಿರುಕೆಲ್ಲ ತುಂಬ್ಕೊಳುತ್ತೆ, ಬೆಳಕು ಚದುರಲ್ಲ. ಎಣ್ಣೆ, ಸಿಲಿಕೋನು ಮಾಡೋದೂ ಅದನ್ನೇ, ಆದ್ರೆ ಬೇಗ ಒಣಗಲ್ಲ, ಅದಕ್ಕೆ ದುಡ್ಡು. ನೀರಲ್ಲೂ ಬೋರ್‌ವೆಲ್‌ದು ಆಗಲ್ಲ, ಒಣಗಿದ್ಮೇಲೆ ಬಿಳೀ ಕಲೆ ಬಿಡುತ್ತೆ. ನಲ್ಲಿ ನೀರೇ ಬೇಕು. ಆದ್ರೆ 2024ರ ಮಾರ್ಚಲ್ಲಿ ಜಲಮಂಡಳಿಯೋರು ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡಿದ್ರಲ್ಲ, ಅವತ್ತಿಂದ ಅದೂ ಕಳ್ಳತನದ ಕೆಲ್ಸನೇ.

ಹಾಗಾಗಿ ಅಗತ್ಯ ಬಿದ್ದಾಗ ಮಾತ್ರ ಒಂದು ಮಗ್ಗು. ಅಗತ್ಯ ಅಂದ್ರೆ ಮಾವ. ಮೈಸೂರಲ್ಲಿ ಪೋರ್ಟಿಕೋ ನೆರಳಲ್ಲಿ ಕಾರು ಸಾಕ್ತಿರೋ ಮನುಷ್ಯ, ಬಂದಾಗೆಲ್ಲ ನಮ್ ಬಂಪರ್ ನೋಡಿ ಮಗಳ ಕಡೆ ತಿರುಗಿ ನಿಟ್ಟುಸಿರು ಬಿಡೋರು. ಹೋದ್ವಾರ ಅವರ ಆಟೋ ತಿರುವಲ್ಲಿ ಕಂಡ ತಕ್ಷಣ ಎಡಗಡೆ ಪೂರ್ತಿ ಮಗ್ ಎರಚಿ ಬಟ್ಟೇಲಿ ಸವರಿದೆ. ಮಾವ ಇಳಿದು ಕನ್ನಡಕ ಏರಿಸ್ಕೊಂಡು ಬಗ್ಗಿ ನೋಡಿದ್ರು.

"ಅಳಿಯಂದ್ರೇ, ಪರವಾಗಿಲ್ವೇ! ಏನ್ ಹಾಕ್ತಿದೀರ ಈಗ?"

ಅಕ್ಕಪಕ್ಕ ನೋಡಿ ದನಿ ತಗ್ಗಿಸಿ "ಕಾವೇರಿ" ಅಂದೆ.

ಮಾವ ಮೊಬೈಲ್ ತೆಗೆದು ಹೆಸರು ಬರ್ಕೊಂಡು, "ಅರ್ಧ ಲೀಟರ್ ಬಾಟ್ಲೀಲೂ ಬರುತ್ತಾ?" ಅಂದ್ರು.