ಹಾಡು ಕೇಳೋಕೆ ಒಬ್ಬರು ಬೇಕು

ಈ ರಾಗ ಕೇಳಿದರೆ ಬಿಪಿ ಇಳಿಯುತ್ತೆ, ಆ ರಾಗ ಕೇಳಿದರೆ ನಿದ್ದೆ ಬರುತ್ತೆ ಅನ್ನುವ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತೆ. ಸಂಗೀತವನ್ನು ಮಾತ್ರೆ ಥರ ನೋಡೋದು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಅದು ಮನಸ್ಸಿನ ಗಾಯ ಮಾಯಿಸುತ್ತೆ ಅನ್ನೋದನ್ನು ಪೂರ್ತಿ ನಂಬುತ್ತೇನೆ. ಆದರೆ ಹೇಗೆ ಮಾಯಿಸುತ್ತೆ ಅಂತ ನನಗೆ ತಿಳಿಸಿಕೊಟ್ಟಿದ್ದು ಕೆಲವು ಜಪಾನಿ ಸಿನಿಮಾಗಳು.

ಜಾಸ್ತಿ ಜನ ನೋಡಿರೋದು ‘ಡಿಪಾರ್ಚರ್ಸ್’. ಯೊಜಿರೊ ತಕಿತಾ ಅವರ 2008ರ ಸಿನಿಮಾ, ಮರುವರ್ಷ ಆಸ್ಕರ್ ಬಂತು. ಟೋಕಿಯೊದ ಆರ್ಕೆಸ್ಟ್ರಾ ಮುಚ್ಚಿಹೋಗಿ ಕೆಲಸ ಕಳಕೊಂಡ ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುವ ಡೈಗೊ ಊರಿಗೆ ವಾಪಸ್ ಬರುತ್ತಾನೆ. ಅಲ್ಲಿ ಅವನಿಗೆ ಸಿಗೋದು ಹೆಣಗಳನ್ನು ಒರೆಸಿ, ಬಟ್ಟೆ ತೊಡಿಸಿ, ಪೆಟ್ಟಿಗೆಗೆ ಸಿದ್ಧ ಮಾಡುವ ಕೆಲಸ. ಬೆಟ್ಟದ ಮುಂದೆ ಬಯಲಲ್ಲಿ ಕೂತು ಅವನು ಚೆಲ್ಲೋ ನುಡಿಸುವ ದೃಶ್ಯವನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಅದು ಸ್ವಲ್ಪ ಪೋಸ್ಟರ್‌ಗೆ ಅಂತ ಮಾಡಿದ ಹಾಗೆ ಕಾಣುತ್ತೆ. ನನಗೆ ಇಷ್ಟವಾಗಿದ್ದು ಕ್ರಿಸ್‌ಮಸ್ ರಾತ್ರಿಯ ದೃಶ್ಯ. ಆಫೀಸಿನಲ್ಲೇ ಊಟ. ಹುಡುಗನಾಗಿದ್ದಾಗಿನ ಹಳೇ ಚೆಲ್ಲೋ ತೆಗೆದು ಅವನು ‘ಆವೆ ಮರಿಯಾ’ ಅನ್ನುವ ಮೇರಿ ಮಾತೆಯ ಪ್ರಾರ್ಥನೆಯ ಹಾಡು ನುಡಿಸುತ್ತಾನೆ. ಕೇಳೋರು ಇಬ್ಬರೇ, ಮುದುಕ ಯಜಮಾನ ಮತ್ತು ಆಫೀಸಿನ ಹೆಂಗಸು. ದಿನಾ ಸಾವಿನ ಜೊತೆ ಕೆಲಸ ಮಾಡುವ ಮೂವರು ಒಂದು ಕೋಣೆಯಲ್ಲಿ ಕೂತು ಒಂದೇ ಹಾಡು ಕೇಳುತ್ತಾರೆ. ಟೋಕಿಯೊದ ಸಭಾಂಗಣದಲ್ಲಿ ಸಿಗದೇ ಇದ್ದ ಕೇಳುಗರು ಅವನಿಗೆ ಇಲ್ಲಿ ಸಿಕ್ಕರು.

ಅದೇ ವರ್ಷ ಬಂದ ಇನ್ನೊಂದು ಸಿನಿಮಾ ‘ಟೋಕಿಯೊ ಸೊನಾಟಾ’. ಇದಕ್ಕೆ ಅಷ್ಟು ಹೆಸರು ಬರಲಿಲ್ಲ, ನನ್ನ ಮಟ್ಟಿಗೆ ಇದೇ ದೊಡ್ಡದು. ನಿರ್ದೇಶಕ ಕಿಯೊಶಿ ಕುರೊಸಾವಾ. ಹಳೇ ಕಾಲದ ಹೆಸರಾಂತ ನಿರ್ದೇಶಕ ಅಕಿರಾ ಕುರೊಸಾವಾಗೂ ಇವರಿಗೂ ಸಂಬಂಧವಿಲ್ಲ. ಇವರು ಅಲ್ಲಿಯವರೆಗೆ ದೆವ್ವದ ಸಿನಿಮಾಗಳಿಗೆ ಹೆಸರಾದವರು. ಈ ಕಥೆಯಲ್ಲಿ ದೆವ್ವ ಇಲ್ಲ, ಆದರೂ ಮನೆಯೊಳಗೆ ಒಂಥರಾ ಭಯ ಇದೆ. ಅಪ್ಪನ ಕೆಲಸ ಹೋಗಿದೆ. ಹೆಂಡತಿ ಮಕ್ಕಳಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಸೂಟ್ ಹಾಕಿಕೊಂಡು ಹೊರಟು, ಪಾರ್ಕಿನಲ್ಲಿ ಪುಕ್ಕಟೆ ಊಟದ ಸಾಲಲ್ಲಿ ನಿಲ್ಲುತ್ತಾನೆ. ಹೊರಗೆ ಮರ್ಯಾದೆ ಹೋದಷ್ಟೂ ಮನೆಯಲ್ಲಿ ಅವನ ದರ್ಬಾರು ಜೋರಾಗುತ್ತೆ. ಚಿಕ್ಕ ಮಗ ಕೆಂಜಿ ಪಿಯಾನೊ ಕಲೀತೀನಿ ಅಂದರೆ ಬೇಡ ಅಂದರೆ ಬೇಡ. ಯಾಕೆ ಅಂತಲೂ ಹೇಳಲ್ಲ. ಹುಡುಗ ಸ್ಕೂಲಿನ ಊಟದ ದುಡ್ಡನ್ನು ಪಾಠದ ಫೀಸಿಗೆ ಕೊಡುತ್ತಾನೆ. ಕಸದಲ್ಲಿ ಸಿಕ್ಕ ಕೆಟ್ಟ ಕೀಬೋರ್ಡ್ ಮೇಲೆ ಬೆರಳಾಡಿಸುತ್ತಾನೆ. ಅಪ್ಪನಿಗೆ ಗೊತ್ತಾದಾಗ ಹೊಡೆತ ಬೀಳುತ್ತೆ.

ಕೊನೆಯಲ್ಲಿ ಸಂಗೀತ ಶಾಲೆಗೆ ಸೇರೋಕೆ ಕೆಂಜಿಯ ಆಡಿಷನ್. ಅವನು ಫ್ರೆಂಚ್ ಸಂಗೀತಗಾರ ದೆಬುಸಿಯ ‘ಕ್ಲೇರ್ ದ ಲೂನ್’ ನುಡಿಸುತ್ತಾನೆ. ಹಿಂದೆ ಕಿಟಕಿಯ ಬಿಳಿ ಪರದೆ ಗಾಳಿಗೆ ಆಡುತ್ತಿದೆ. ಸಾಮಾನ್ಯವಾಗಿ ಇಂಥ ಕಡೆ ನಿರ್ದೇಶಕರು ಅರ್ಧ ನಿಮಿಷ ತೋರಿಸಿ, ಚಪ್ಪಾಳೆ ಹೊಡೆಸಿ, ಮುಂದೆ ಹೋಗಿಬಿಡುತ್ತಾರೆ. ಇಲ್ಲಿ ಆ ಆತುರ ಇಲ್ಲ. ಹುಡುಗ ನುಡಿಸುತ್ತಾನೆ, ನಾವು ಕೇಳುತ್ತೇವೆ. ಅಪ್ಪ ಕೇಳುತ್ತಾನೆ. ಸಿನಿಮಾ ಪೂರ್ತಿ ಯಾರ ಮಾತಿಗೂ ಕಿವಿ ಕೊಡದ ಮನುಷ್ಯ ಆಗ ಸುಮ್ನೆ ನಿಂತು ಕೇಳುತ್ತಾನೆ, ಕಣ್ಣು ತುಂಬಿ ಬರುತ್ತೆ. ಮುಗಿದ ಮೇಲೆ ಚಪ್ಪಾಳೆಯೂ ಇಲ್ಲ. ಅಪ್ಪ, ಅಮ್ಮ, ಮಗ ಮೂವರೂ ಎದ್ದು ಹೊರಗೆ ನಡೆಯುತ್ತಾರೆ, ಅಷ್ಟೇ. ಹಳೇ ಕೆಲಸ ವಾಪಸ್ ಬಂದಿಲ್ಲ, ಅಪ್ಪ ಈಗ ಒಂದು ಮಾಲಿನಲ್ಲಿ ಕ್ಲೀನಿಂಗ್ ಮಾಡುತ್ತಾನೆ. ಮಗ ಹೊಡೆತ ಮರೆತ ಅಂತಲೂ ಅಲ್ಲ. ಆದರೆ ಆ ಮನೆಯಲ್ಲಿ ಮೊದಲ ಸಲ ಒಬ್ಬರು ಇನ್ನೊಬ್ಬರನ್ನು ಪೂರ್ತಿ ಕೇಳಿಸಿಕೊಂಡರು.

ಅಮ್ಮ ಹಾಸಿಗೆ ಹಿಡಿದಿದ್ದಾಗ ಮೊಬೈಲಿನಲ್ಲಿ ದೇವರನಾಮ ಹಾಕಿಕೊಡುತ್ತಿದ್ದೆ. “ನೀನೂ ಕೂತ್ಕೊಳ್ಳೇ, ಒಬ್ಬಳೇ ಕೇಳೋಕೆ ಬೇಜಾರು” ಅನ್ನುತ್ತಿದ್ದಳು. ಕೂರುತ್ತಿದ್ದೆ. ಅವಳ ನೋವು ಹಾಡಿನಿಂದ ಕಮ್ಮಿಯಾಯಿತೋ ಜೊತೆಗೆ ಕೂತಿದ್ದರಿಂದಲೋ ಅಂತ ಬೇರೆ ಮಾಡಿ ನೋಡೋಕೆ ನನಗೆ ಮನಸ್ಸಿಲ್ಲ.

ಇನ್ನು ‘ದಿ ಬರ್ಮೀಸ್ ಹಾರ್ಪ್’. ಕೊನ್ ಇಚಿಕಾವಾ ಅವರ 1956ರ ಸಿನಿಮಾ. 1945, ಬರ್ಮಾದಲ್ಲಿ ಜಪಾನ್ ಸೋಲುತ್ತಿದೆ. ಒಂದು ತುಕಡಿಯ ಕ್ಯಾಪ್ಟನ್ ಸಂಗೀತ ಕಲಿತವನು, ಸೈನಿಕರಿಗೆಲ್ಲ ಹಾಡು ಕಲಿಸಿದ್ದಾನೆ. ಮಿಜುಶಿಮಾ ಅನ್ನುವ ಸೈನಿಕ ಬರ್ಮಾದ ಹಾರ್ಪ್ ಅನ್ನುವ ತಂತಿ ವಾದ್ಯ ನುಡಿಸುತ್ತಾನೆ. ಒಂದು ರಾತ್ರಿ ಬ್ರಿಟಿಷರು ಸುತ್ತುವರಿದಿದ್ದಾರೆ. ಗೊತ್ತಿಲ್ಲದವರ ಹಾಗೆ ನಟಿಸೋಕೆ ಜಪಾನಿಯರು ಜೋರಾಗಿ ಹಾಡುತ್ತಾ, ಬಯಲಲ್ಲಿ ನಿಂತ ಮದ್ದುಗುಂಡಿನ ಗಾಡಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಇನ್ನೇನು ಮೇಲೆ ಬೀಳಬೇಕು, ಕಾಡಿನಿಂದ ಇಂಗ್ಲಿಷಿನಲ್ಲಿ ‘ಹೋಮ್, ಸ್ವೀಟ್ ಹೋಮ್’ ಕೇಳಿಸುತ್ತೆ. ಜಪಾನಿಯರಿಗೂ ಅದೇ ಧಾಟಿ ಗೊತ್ತು, ಮೇಜಿ ಚಕ್ರವರ್ತಿಯ ಕಾಲದಿಂದ (1868–1912) ಅಲ್ಲಿನ ಶಾಲೆಗಳಲ್ಲಿ ‘ಹಾನ್ಯೂ ನೊ ಯಾದೊ’ ಅಂತ ಕಲಿಸಿದ ಹಾಡು. ಎರಡೂ ಕಡೆಯವರು ಸೇರಿ ಹಾಡುತ್ತಾರೆ. ಗುಂಡು ಹಾರಲ್ಲ.

ಸಿನಿಮಾ ಇಲ್ಲಿಗೇ ನಿಂತಿದ್ದರೆ ಬರೀ ಸಿಹಿ ಕಥೆಯಾಗುತ್ತಿತ್ತು. ಜಪಾನ್ ಸೋತು ಯುದ್ಧ ಮುಗಿದ ಮೇಲೆ ಮಿಜುಶಿಮಾ, ಬೆಟ್ಟದ ಮೇಲೆ ಇನ್ನೂ ಹೋರಾಡುತ್ತಿರುವ ಇನ್ನೊಂದು ತುಕಡಿಗೆ ಶರಣಾಗಿ ಅಂತ ಹೇಳೋಕೆ ಹೋಗುತ್ತಾನೆ. ಅವರು ಕೇಳಲ್ಲ. ಎಲ್ಲರೂ ಸಾಯುತ್ತಾರೆ. ವಾಪಸ್ ಬರುವ ದಾರಿಯುದ್ದಕ್ಕೂ ಕೊಳೆಯುತ್ತಿರುವ ಹೆಣಗಳು. ಅವುಗಳಿಗೆ ಹಾಡಿ ಏನು ಮಾಡೋದು? ಅವನು ಸನ್ಯಾಸಿಯಾಗಿ, ಊರಿಗೆ ಹೋಗದೆ, ಅವುಗಳನ್ನು ಮಣ್ಣು ಮಾಡೋಕೆ ಉಳಿದುಬಿಡುತ್ತಾನೆ. ಸಂಗೀತ ಎಲ್ಲಿಗೆ ಮುಟ್ಟಲ್ಲ ಅನ್ನೋದನ್ನೂ ಹೇಳುವ ಧೈರ್ಯ ಈ ಸಿನಿಮಾಕ್ಕಿದೆ.

ಆದರೆ ಒಂದು ಮಾತು ಹೇಳಲೇಬೇಕು. ಇದರಲ್ಲಿ ಅಳು ಎಲ್ಲ ಜಪಾನಿ ಸೈನಿಕರಿಗೇ. ಥಾಯ್ಲೆಂಡಿನಿಂದ ಬರ್ಮಾಕ್ಕೆ ರೈಲು ಹಾದಿ ಹಾಕಿಸೋಕೆ ಇದೇ ಸೈನ್ಯ ಯುದ್ಧ ಕೈದಿಗಳನ್ನೂ ಮಲಯಾದ ತಮಿಳು ಕೂಲಿಗಳನ್ನೂ ದುಡಿಸಿ ಸಾವಿರಾರು ಜನರನ್ನು ಸಾಯಿಸಿತ್ತು. ಅವರ ಸುದ್ದಿಯೇ ಇಲ್ಲ. ನಾನು ಈ ಸಿನಿಮಾವನ್ನು ತುಂಬಾ ಪ್ರೀತಿಸುತ್ತೇನೆ, ಆದರೂ ಇದು ಸಣ್ಣ ಕೊರತೆ ಅಂತ ಹೇಳಲಾರೆ.

ಕೇಳುವವರ ವಿಷಯಕ್ಕೆ ಬಂದರೆ ಅಕಿರಾ ಕುರೊಸಾವಾ ಅವರ 1947ರ ‘ಒನ್ ವಂಡರ್‌ಫುಲ್ ಸಂಡೇ’ ಬಿಡೋಕಾಗಲ್ಲ. ಯುದ್ಧ ಮುಗಿದ ಟೋಕಿಯೊ, ಒಂದು ಬಡ ಜೋಡಿ, ಕೈಯಲ್ಲಿ 35 ಯೆನ್. ಸಂಗೀತ ಕಛೇರಿಯ ಅಗ್ಗದ ಟಿಕೆಟನ್ನೆಲ್ಲ ಬ್ಲ್ಯಾಕಿನವರು ಕೊಂಡುಬಿಟ್ಟಿದ್ದಾರೆ. ರಾತ್ರಿ ಖಾಲಿ ಬಯಲು ರಂಗಮಂದಿರದಲ್ಲಿ ಹುಡುಗ ಇಲ್ಲದ ಆರ್ಕೆಸ್ಟ್ರಾಗೆ ಕೈ ಆಡಿಸುತ್ತಾನೆ. ಏನೂ ಕೇಳಿಸಲ್ಲ. ಆಗ ಹುಡುಗಿ ನೇರವಾಗಿ ನಮ್ಮ ಕಡೆ ತಿರುಗಿ, ನಮ್ಮಂಥ ಬಡ ಪ್ರೇಮಿಗಳಿಗಾಗಿ ಚಪ್ಪಾಳೆ ತಟ್ಟಿ ಅಂತ ಬೇಡುತ್ತಾಳೆ. ಆಮೇಲೆ ಶೂಬರ್ಟ್‌ನ ಸಂಗೀತ ಶುರುವಾಗುತ್ತೆ. ಜಪಾನಿನ ಪ್ರೇಕ್ಷಕರು ಸುಮ್ಮನೆ ಕೂತಿದ್ದರು, ಪ್ಯಾರಿಸ್‌ನವರು ತಟ್ಟಿದರು ಅಂತ ಕುರೊಸಾವಾ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾನೂ ಮನೆಯಲ್ಲಿ ಕೂತು ತಟ್ಟಿದೆ.

ಹೊಸದಾಗಿ ನೋಡೋರು ‘ಟೋಕಿಯೊ ಸೊನಾಟಾ’ದಿಂದ ಶುರು ಮಾಡಿ, ಆದರೆ ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳಿ. ‘ಬರ್ಮೀಸ್ ಹಾರ್ಪ್’ ಅನ್ನು ಇಚಿಕಾವಾ ಅವರೇ 1985ರಲ್ಲಿ ಬಣ್ಣದಲ್ಲಿ ಮತ್ತೆ ಮಾಡಿದ್ದಾರೆ. ನೀವು 1956ರ ಕಪ್ಪು-ಬಿಳುಪಿನದ್ದನ್ನೇ ನೋಡಿ.